ಹಡಗು ಹತ್ತುವ ಮೊದಲು ಕೋಪನ್‌ಹೇಗನ್‌ನಲ್ಲಿ ಎರಡು ದಿನ

ಜಯನಗರ, ಬನಶಂಕರಿ ಕಡೆಯ ಮನೆಗಳಲ್ಲಿ ಈಚೆಗೆ ಒಂದು ಹೊಸ ರೂಢಿ ಶುರುವಾಗಿದೆ. ಅಪ್ಪನ ಅರವತ್ತಕ್ಕೋ ಅಮ್ಮನ ನಿವೃತ್ತಿಗೋ ಮಕ್ಕಳು ಕ್ರೂಸ್ ಟಿಕೆಟ್ ಕೊಡಿಸುತ್ತಾರೆ. ಕ್ರೂಸ್ ಅಂದರೆ ಊಟ, ವಸತಿ, ಮನರಂಜನೆ ಎಲ್ಲ ಹಡಗಿನಲ್ಲೇ ಇರುವ ಸಮುದ್ರ ಪ್ರವಾಸ. ರಾತ್ರಿಯೆಲ್ಲ ಹಡಗು ಸಾಗುತ್ತದೆ, ಬೆಳಿಗ್ಗೆ ಹೊಸ ಊರಿನ ಬಂದರಿನಲ್ಲಿ ನಿಂತಿರುತ್ತದೆ. ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳಗೆ ಚಾಚಿಕೊಂಡ ಕಡಲ ಕವಲುಗಳಿವೆ, ಅವನ್ನು ಫ್ಯೋರ್ಡ್ ಎನ್ನುತ್ತಾರೆ. ಅವನ್ನೂ ಬಾಲ್ಟಿಕ್ ಸಮುದ್ರದ ದಂಡೆಯ ಊರುಗಳನ್ನೂ ತೋರಿಸುವ ಹಡಗುಗಳಲ್ಲಿ ಬಹಳಷ್ಟು ಹೊರಡುವುದು ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಿಂದ.

ಟಿಕೆಟ್ ಮಾರುವವರು ಹಡಗಿನ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಹಡಗು ಹತ್ತಬೇಕಾದ ಊರಿನ ಬಗ್ಗೆ ಹೇಳುವವರು ಕಮ್ಮಿ. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಹಡಗು ಹೊರಡುವುದಕ್ಕೆ ಎರಡು ದಿನ ಮುಂಚೆ ಆ ಊರಿನಲ್ಲಿರಿ. ಒಂದು ದಿನವಾದರೂ ಸರಿ, ಆದರೆ ಹಡಗಿನ ದಿನವೇ ಬೆಳಿಗ್ಗೆ ಇಳಿಯುವ ವಿಮಾನ ಮಾತ್ರ ಬೇಡ. ಬೆಂಗಳೂರಿನಿಂದ ಕೋಪನ್‌ಹೇಗನ್‌ಗೆ ಹೋಗುವವರು ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸಬೇಕು. ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತದೆ. ಎರಡೂ ಸರಿಹೋದರೂ ಕೆಲವು ಸಲ ಸೂಟ್‌ಕೇಸ್ ಹಿಂದೆ ಉಳಿದು ಮರುದಿನ ಬರುತ್ತದೆ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ತಪ್ಪಿದರೆ ಮುಂದಿನ ಬಂದರಿಗೆ ನೀವೇ ಖರ್ಚು ಹಾಕಿಕೊಂಡು ಹೋಗಿ ಹಿಡಿಯಬೇಕು. ಎರಡು ರಾತ್ರಿಯ ಹೋಟೆಲ್ ಬಾಡಿಗೆ ಅದಕ್ಕಿಂತ ಅಗ್ಗ. ಅದೂ ಅಲ್ಲದೆ, ಆ ಊರು ನೋಡಲು ಯೋಗ್ಯವಾಗಿದೆ.

ಮೊದಲು ವೀಸಾ

ಡೆನ್ಮಾರ್ಕ್‌ಗೆ ಷೆಂಗೆನ್ ವೀಸಾ ಬೇಕು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ 29 ದೇಶಗಳ ಕೂಟ. ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಐಸ್‌ಲೆಂಡ್ ಎಲ್ಲವೂ ಇದರೊಳಗಿವೆ. ಅರ್ಜಿ ಕೊಡಲು ದೆಹಲಿಗೆ ಹೋಗಬೇಕಿಲ್ಲ. ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಬೆರಳಚ್ಚು, ಫೋಟೊ ಅಲ್ಲೇ ತೆಗೆಯುತ್ತಾರೆ. ಒಮ್ಮೆ ಕೊಟ್ಟ ಬೆರಳಚ್ಚು ಸುಮಾರು ಐದು ವರ್ಷ ಚಲಾವಣೆಯಲ್ಲಿರುತ್ತದೆ.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೊ. ಇನ್ನೂ ಚಿಕ್ಕ ಮಕ್ಕಳಿಗೆ ಶುಲ್ಕವಿಲ್ಲ. ವಿಎಫ್‌ಎಸ್‌ನ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ. ಆ ಗಡುವನ್ನು ನಂಬಿಕೊಂಡು ಕೂರಬೇಡಿ. ಬೇಸಿಗೆ ರಜದ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜೂನ್ ಹಡಗಿಗೆ ಫೆಬ್ರವರಿ, ಮಾರ್ಚ್‌ನಲ್ಲೇ ಕೆಲಸ ಮುಗಿಸಿ. ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ಷೆಂಗೆನ್ ಬಿಡುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಅದಕ್ಕೆ ಅವಧಿ ಇರಬೇಕು.

ಇಲ್ಲಿ ಎರಡು ಅನುಮಾನ ಎಲ್ಲರಿಗೂ ಬರುತ್ತವೆ. ಹಡಗು ಹತ್ತುವುದು ಡೆನ್ಮಾರ್ಕ್‌ನಲ್ಲಿ, ಸುತ್ತುವುದೆಲ್ಲ ನಾರ್ವೆಯಲ್ಲಿ; ಹಾಗಾದರೆ ಯಾವ ದೇಶಕ್ಕೆ ಅರ್ಜಿ ಹಾಕುವುದು? ಹೆಚ್ಚು ದಿನ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಹಡಗಿನ ದಿನಚರಿ ಪಟ್ಟಿ ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಎರಡನೆಯದು ಇನ್ನೂ ಮುಖ್ಯ. ಹಡಗು ನಡುವೆ ಷೆಂಗೆನ್ ಬಿಟ್ಟು ಹೊರಗೆ ಹೋಗುತ್ತದೆಯೇ ನೋಡಿ. ಸ್ಕಾಟ್‌ಲೆಂಡ್‌ನ ಒಂದು ಬಂದರು ಪಟ್ಟಿಯಲ್ಲಿದ್ದರೂ ಬ್ರಿಟನ್‌ನ ವೀಸಾ ಬೇರೆಯಾಗಿ ಬೇಕು. ಜೊತೆಗೆ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅನುಮತಿ ಕೊಡುವ ಮಲ್ಟಿಪಲ್ ಎಂಟ್ರಿ ಬಗೆಯದಾಗಿರಬೇಕು. ಫ್ಯಾರೋ ದ್ವೀಪಗಳು, ಗ್ರೀನ್‌ಲೆಂಡ್ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದರೂ ಷೆಂಗೆನ್‌ನೊಳಗಿಲ್ಲ. ಅಲ್ಲಿಗೆ ಹೋಗುವುದಿದ್ದರೆ ಅರ್ಜಿಯಲ್ಲೇ ಹೇಳಿಕೊಳ್ಳಬೇಕು. ‘ನಾವು ಅಲ್ಲಿ ಇಳಿಯೋದೇ ಇಲ್ಲ, ಹಡಗಲ್ಲೇ ಇರ್ತೀವಿ’ ಎಂಬ ವಾದ ಬಂದರಿನಲ್ಲಿ ನಡೆಯುವುದಿಲ್ಲ. ಕಾಗದ ಸರಿಯಿಲ್ಲದಿದ್ದರೆ ಹಡಗಿನವರು ಹತ್ತಿಸಿಕೊಳ್ಳುವುದೇ ಇಲ್ಲ.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಮುಖ, ಬೆರಳಚ್ಚುಗಳನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಸಾಲು ನಿಧಾನವಾಗಬಹುದು. ದುಬೈ, ದೋಹಾ ಮೂಲಕ ಹೋದರೆ ಈ ತಪಾಸಣೆ ಕೋಪನ್‌ಹೇಗನ್‌ನಲ್ಲಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಅಲ್ಲಿಯೇ ಮುಗಿಯುತ್ತದೆ. ಹಾಗಾಗಿ ಅಲ್ಲಿ ವಿಮಾನ ಬದಲಿಸಲು ಒಂದು ಗಂಟೆ ಸಾಲದು, ಮೂರು ಗಂಟೆ ಇಟ್ಟುಕೊಳ್ಳಿ.

ದುಡ್ಡು

ಡೆನ್ಮಾರ್ಕ್‌ನಲ್ಲಿ ಯೂರೊ ನಡೆಯುವುದಿಲ್ಲ, ಅಲ್ಲಿಯ ನಾಣ್ಯ ಕ್ರೋನ್. ಒಂದು ಯೂರೊಗೆ ಸುಮಾರು ಏಳೂವರೆ ಕ್ರೋನ್. ಯೂರೊ ನೂರು ರೂಪಾಯಿಯ ಆಸುಪಾಸಿನಲ್ಲಿದ್ದಾಗ ಒಂದು ಕ್ರೋನ್ ಹದಿಮೂರು, ಹದಿನಾಲ್ಕು ರೂಪಾಯಿ ಆಗುತ್ತದೆ. ನೋಟು ಹೊತ್ತುಕೊಂಡು ಹೋಗುವ ಅಗತ್ಯ ಬಹುತೇಕ ಇಲ್ಲ. ತರಕಾರಿ ಅಂಗಡಿಯಿಂದ ಮ್ಯೂಸಿಯಂವರೆಗೆ ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಫಾರೆಕ್ಸ್ ಕಾರ್ಡ್ ಅಂದರೆ ವಿದೇಶಿ ಹಣ ಮುಂಗಡ ತುಂಬಿಸಿದ ಕಾರ್ಡ್. ನಿಮ್ಮ ಬ್ಯಾಂಕ್ ಶಾಖೆಯಲ್ಲೋ ಜಯನಗರ 4ನೇ ಬ್ಲಾಕ್ ಸುತ್ತಮುತ್ತಲ ವಿದೇಶಿ ವಿನಿಮಯದ ಅಂಗಡಿಗಳಲ್ಲೋ ಅದನ್ನು ಮಾಡಿಸಬಹುದು. ‘ಇದರಲ್ಲಿ ಡ್ಯಾನಿಶ್ ಕ್ರೋನ್ ತುಂಬಿಸಬಹುದಾ?’ ಎಂದು ಕೇಳಿಯೇ ತೊಗೊಳ್ಳಿ. ಬರೀ ಯೂರೊ ತುಂಬಿಸಿದರೆ ಪ್ರತಿ ಖರ್ಚಿಗೂ ನಾಣ್ಯ ಬದಲಾವಣೆಯ ಶುಲ್ಕ ಕತ್ತರಿಸಿಕೊಳ್ಳುತ್ತದೆ. ಅಮೆರಿಕದ ಕಂಪನಿಯ ಹಡಗಾದರೆ ಒಳಗಿನ ಬಿಲ್ಲು ಡಾಲರ್‌ನಲ್ಲಿ.

ಯಾರಾದರೂ ನೆಂಟರು ಹಳೆಯ 1,000 ಕ್ರೋನ್ ನೋಟು ಕೊಟ್ಟರೆ ನಯವಾಗಿ ವಾಪಸ್ ಕೊಡಿ. 2025ರ ಮೇ 31ರ ನಂತರ ಆ ನೋಟು ಚಲಾವಣೆಯಲ್ಲಿಲ್ಲ.

ಪ್ರವಾಸದ ಪ್ಯಾಕೇಜ್ ಕೊಂಡರೆ ಕಂಪನಿಯವರು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ರಸೀದಿ ಬಿಸಾಡಬೇಡಿ.

ಹೋಟೆಲ್‌ನಲ್ಲಿ ಇಬ್ಬರ ಸಾಧಾರಣ ಕೋಣೆಗೆ ಬೇಸಿಗೆಯಲ್ಲಿ ರಾತ್ರಿಗೆ ಸಾವಿರದಿಂದ ಸಾವಿರದೈನೂರು ಕ್ರೋನ್ ಹಿಡಿದುಕೊಳ್ಳಿ. ಅಂದರೆ ಹದಿನಾಲ್ಕರಿಂದ ಇಪ್ಪತ್ತು ಸಾವಿರ ರೂಪಾಯಿ. ಕ್ಯಾಬಿನ್ ಎಂಬ ಹೆಸರಿನ ಅಗ್ಗದ ಹೋಟೆಲ್‌ಗಳಿವೆ. ಕೋಣೆ ಹಡಗಿನ ಕೋಣೆಯಷ್ಟೇ ಇಕ್ಕಟ್ಟು. ಬೇಕೆಂದೇ ಹಾಗೆ ಕಟ್ಟಿದ್ದಾರೆ. ದೊಡ್ಡ ಸೂಟ್‌ಕೇಸ್ ಇದ್ದರೆ ಯೋಚಿಸಿ.

ಇಳಿದ ಮೇಲೆ

ವಿಮಾನ ನಿಲ್ದಾಣದ ಹೆಸರು ಕಾಸ್ಟ್ರುಪ್. ಅದರ ಮೂರನೇ ಟರ್ಮಿನಲ್‌ನಿಂದಲೇ ಮೆಟ್ರೋ ಹೊರಡುತ್ತದೆ. ಎಂ2 ಮಾರ್ಗ, ಊರಿನ ನಡುವಿಗೆ ಸುಮಾರು 15 ನಿಮಿಷ. ಮುಖ್ಯ ರೈಲು ನಿಲ್ದಾಣದ ಹತ್ತಿರ ಹೋಟೆಲ್ ಹಿಡಿದಿದ್ದರೆ ಮೆಟ್ರೋ ಬದಲು ಮಾಮೂಲಿ ರೈಲು ಹತ್ತಿ, ಅದಕ್ಕೂ ಅಷ್ಟೇ ಹೊತ್ತು. ಟಿಕೆಟ್ ಮೂವತ್ತು ಕ್ರೋನ್ ಚಿಲ್ಲರೆ. ಯಂತ್ರದಲ್ಲಿ ಕಾರ್ಡ್ ಒತ್ತಿದರೆ ಟಿಕೆಟ್ ಬರುತ್ತದೆ. ಹತ್ತುವ ಮುಂಚೆ ತೊಗೊಳ್ಳಬೇಕು. ಒಳಗೆ ಹೋಗಲು ನಮ್ಮಲ್ಲಿಯ ಹಾಗೆ ಗೇಟು ಇಲ್ಲ. ಗೇಟಿಲ್ಲ ಅಂತ ಹಾಗೇ ಹೋದರೆ ತಪಾಸಣೆಯವರು ರೈಲಿನೊಳಗೇ ಬಂದು ದೊಡ್ಡ ದಂಡ ಹಾಕುತ್ತಾರೆ.

ಈ ಮೆಟ್ರೋ 2002ರಿಂದ ಚಾಲಕನಿಲ್ಲದೆ ಓಡುತ್ತಿದೆ. ಆರ್.ವಿ. ರಸ್ತೆಯಿಂದ ಬಿಟಿಎಂ ಲೇಔಟ್ ಮೇಲೆ ಬೊಮ್ಮಸಂದ್ರಕ್ಕೆ ಹೋಗುವ ನಮ್ಮ ಹಳದಿ ಮಾರ್ಗದ ರೈಲುಗಳೂ ಚಾಲಕನಿಲ್ಲದೆ ಓಡಬಲ್ಲಂಥವೇ. ಕೋಪನ್‌ಹೇಗನ್‌ನಲ್ಲಿ ಮೊದಲ ಡಬ್ಬಿಯ ಮುಂದಿನ ಗಾಜಿನ ಪಕ್ಕದ ಸೀಟು ಖಾಲಿ ಸಿಕ್ಕರೆ ಬಿಡಬೇಡಿ. ಸುರಂಗವೆಲ್ಲ ಕಾಣುತ್ತದೆ, ಮೊಮ್ಮಕ್ಕಳು ಜೊತೆಗಿದ್ದರೆ ಅದೇ ಒಂದು ಪ್ರವಾಸ. ಇಡೀ ರಾತ್ರಿಯೂ ರೈಲು ಇರುತ್ತದೆ, ಆದ್ದರಿಂದ ನಡುರಾತ್ರಿ ಇಳಿದರೂ ಗಾಬರಿ ಬೇಡ.

ಹೆಚ್ಚು ಸುತ್ತುವವರಿಗೆ ಕೋಪನ್‌ಹೇಗನ್ ಕಾರ್ಡ್ ಇದೆ. ದಿನಕ್ಕೆ ಐನೂರು ಕ್ರೋನ್ ಆಸುಪಾಸು. ವಿಮಾನ ನಿಲ್ದಾಣದ ಪ್ರಯಾಣವೂ ಸೇರಿ ಬಸ್ಸು, ಮೆಟ್ರೋ, ಬಹಳಷ್ಟು ಮ್ಯೂಸಿಯಂ, ಅರಮನೆಗಳ ಪ್ರವೇಶ ಅದರಲ್ಲೇ ಸೇರುತ್ತದೆ. ದಿನಕ್ಕೆ ಮೂರು, ನಾಲ್ಕು ಕಡೆ ಒಳಗೆ ಹೋಗಿ ನೋಡುವವರಿಗೆ ಇದು ಲಾಭ. ಬೀದಿಯಲ್ಲಿ ನಡೆದು, ಬೆಂಚಿನಲ್ಲಿ ಕೂತು ನೋಡುವವರಿಗೆ ನಷ್ಟ. ಮಂಡಿನೋವಿನವರು ಎರಡನೇ ಗುಂಪಿನಲ್ಲೇ ಇರುವುದು ವಾಸಿ.

ರಸ್ತೆಯಲ್ಲಿ ಒಂದೇ ಒಂದು ಅಪಾಯ, ಸೈಕಲ್. ಕಾಲುದಾರಿಗೂ ರಸ್ತೆಗೂ ನಡುವೆ ಸೈಕಲ್‌ಗೆಂದೇ ಬೇರೆ ಪಟ್ಟೆ ಇದೆ. ಫುಟ್‌ಪಾತ್ ಮೇಲೆ ಸ್ಕೂಟರ್ ಬಂದರೂ ಪಕ್ಕಕ್ಕೆ ಸರಿದು ಸುಮ್ಮನಿರುವ ಜೆ.ಪಿ. ನಗರದವರಿಗೆ ಆ ಪಟ್ಟೆಯೂ ಫುಟ್‌ಪಾತ್ ಥರವೇ ಕಾಣುತ್ತದೆ. ಅದರ ಮೇಲೆ ನಿಂತು ಫೋಟೊ ತೆಗೆಯಬೇಡಿ. ಬಸ್ಸಿನಿಂದ ಇಳಿಯುವಾಗಲೂ ಎರಡೂ ಕಡೆ ನೋಡಿ. ಅವರು ವೇಗವಾಗಿ ಬರುತ್ತಾರೆ, ಹಾರ್ನ್ ಇಲ್ಲ, ಸದ್ದೂ ಇಲ್ಲ.

ಏನು ನೋಡುವುದು

ಮೊದಲ ದಿನ ನಿದ್ದೆಗೆಟ್ಟಿರುತ್ತೀರಿ. ಭಾರತಕ್ಕೂ ಅಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ಅಂತರ. ಜೂನ್‌ನಲ್ಲಿ ಬೆಳಗಿನ ನಾಲ್ಕೂವರೆಗೇ ಬೆಳಕು, ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ಆದ್ದರಿಂದ ಮಧ್ಯಾಹ್ನ ಮಲಗೆದ್ದು ಸಂಜೆ ಹೊರಟರೂ ಹೊತ್ತು ಧಾರಾಳ. ನ್ಯೂಹಾವ್ನ್ ಎಂಬ ಕಾಲುವೆ ದಂಡೆಗೆ ಹೋಗಿ. ಪೋಸ್ಟರ್‌ಗಳಲ್ಲಿ ಕಾಣುವ ಬಣ್ಣಬಣ್ಣದ ಮನೆಗಳ ಸಾಲು ಇದೇ. 1670ರ ದಶಕದಲ್ಲಿ ಯುದ್ಧ ಕೈದಿಗಳಾಗಿದ್ದ ಸ್ವೀಡನ್ ಸೈನಿಕರ ಕೈಯಲ್ಲಿ ಈ ಕಾಲುವೆ ತೋಡಿಸಿದರು. ಮಕ್ಕಳ ಕಥೆಗಳ ಹಾನ್ಸ್ ಕ್ರಿಸ್ಟಿಯನ್ ಆಂಡರ್ಸನ್ ಇಲ್ಲಿಯ ಮೂರು ಮನೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ಬಾಡಿಗೆಗಿದ್ದ. ಇಲ್ಲಿಂದ ಹೊರಡುವ ದೋಣಿಯಲ್ಲಿ ಒಂದು ಗಂಟೆ ಊರು ಸುತ್ತಬಹುದು. ದುಬಾರಿ ಅನಿಸಿದರೆ ಹಳದಿ ಬಣ್ಣದ ಹಾರ್ಬರ್ ಬಸ್ ಇದೆ. ಹೆಸರು ಬಸ್ಸು, ನಿಜಕ್ಕೂ ದೋಣಿ. ಮೆಟ್ರೋ, ಬಸ್ಸಿನ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ.

ಪುಟ್ಟ ಮತ್ಸ್ಯಕನ್ಯೆಯ ವಿಗ್ರಹ ನೋಡದೆ ಬಂದರೆ ನೆಂಟರು ಬಿಡುವುದಿಲ್ಲ, ಸರಿ. ಆದರೆ ದೊಡ್ಡದೇನನ್ನೋ ಎದುರುನೋಡಬೇಡಿ. ಎತ್ತರ ನಾಲ್ಕಡಿ ಚಿಲ್ಲರೆ, ಅಷ್ಟೆ. ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಕಾರ್ಲ್ ಯಾಕೋಬ್ಸನ್ ಆಂಡರ್ಸನ್ ಕಥೆಯ ಬ್ಯಾಲೆ ನೋಡಿ ಮರುಳಾಗಿ ಶಿಲ್ಪಿ ಎಡ್ವರ್ಡ್ ಎರಿಕ್ಸನ್ ಕೈಲಿ ಮಾಡಿಸಿದ್ದು, 1913ರಲ್ಲಿ ಕೂರಿಸಿದ್ದು. 1964ರಲ್ಲಿ ಯಾರೋ ಅದರ ತಲೆಯನ್ನೇ ಗರಗಸದಲ್ಲಿ ಕತ್ತರಿಸಿಕೊಂಡು ಹೋದರು, ಹೊಸ ತಲೆ ಕೂರಿಸಬೇಕಾಯಿತು. ಬೆಳಿಗ್ಗೆ ಎಂಟರೊಳಗೆ ಹೋದರೆ ಟೂರ್ ಬಸ್ಸುಗಳ ಜನ ಇರುವುದಿಲ್ಲ. ಅಲ್ಲಿಂದ ಅಮಾಲಿಯನ್‌ಬೋರ್ ಅರಮನೆಯ ಅಂಗಳಕ್ಕೆ ನಡೆದು ಹೋಗಬಹುದು. ದಿನವೂ ಮಧ್ಯಾಹ್ನ 12ಕ್ಕೆ ಕಾವಲು ಬದಲಾಗುತ್ತದೆ, ನೋಡಲು ದುಡ್ಡು ಕೊಡಬೇಕಿಲ್ಲ.

ಮೆಟ್ಟಿಲು ಹತ್ತಲಾಗದವರಿಗೆ ರುಂಡೆಟೋರ್ನ್, ಅಂದರೆ ದುಂಡು ಗೋಪುರ, ಒಳ್ಳೆಯದು. ರಾಜ ನಾಲ್ಕನೇ ಕ್ರಿಸ್ಟಿಯಾನ್ ಕಟ್ಟಿಸಿದ ವೀಕ್ಷಣಾಲಯ ಇದು, 1642ರಲ್ಲಿ ಮುಗಿಯಿತು. ಒಳಗೆ ಮೆಟ್ಟಿಲ ಬದಲು ಏಳೂವರೆ ಸುತ್ತಿನ ಇಳಿಜಾರು ದಾರಿ. ಭಾರದ ಉಪಕರಣ, ಪುಸ್ತಕಗಳನ್ನು ಮೇಲಕ್ಕೆ ಸಾಗಿಸಲು ಹೀಗೆ ಕಟ್ಟಿದರು. ಕೊನೆಯಲ್ಲಿ ಮಾತ್ರ ಕಿರಿದಾದ ಕೆಲವು ಮೆಟ್ಟಿಲುಗಳಿವೆ. ಮೇಲಿಂದ ಇಡೀ ಊರು ಕಾಣುತ್ತದೆ. ಮುಖ್ಯ ರೈಲು ನಿಲ್ದಾಣದ ಎದುರಿನ ಟಿವೊಲಿ ಉದ್ಯಾನ 1843ರದು. ಸಂಜೆ ದೀಪ ಹತ್ತಿದ ಮೇಲೆ ಚೆಂದ, ಆದರೆ ಪ್ರವೇಶಕ್ಕೊಂದು ದರ, ಒಳಗಿನ ಆಟಗಳಿಗೆ ಇನ್ನೊಂದು ದರ. ಸ್ಟ್ರೋಯೆಟ್ ಎಂಬ ಅಂಗಡಿ ಬೀದಿಯಲ್ಲಿ 1962ರಿಂದ ವಾಹನಗಳಿಲ್ಲ. ಕೊಳ್ಳುವುದೇನೂ ಇಲ್ಲದಿದ್ದರೆ ಅರ್ಧ ಗಂಟೆ ಸಾಕು.

ಕನ್ನಡದವರು ನೋಡಲೇಬೇಕಾದ ಜಾಗ ಮಾತ್ರ ಯಾವ ಟೂರ್ ಪಟ್ಟಿಯಲ್ಲೂ ಇರುವುದಿಲ್ಲ. ಮೆಟ್ರೋದಲ್ಲಿ ಕ್ರಿಸ್ಟಿಯಾನ್ಸ್‌ಹಾವ್ನ್ ನಿಲ್ದಾಣದಲ್ಲಿ ಇಳಿದು ನೀರಿನ ಕಡೆ ನಡೆದರೆ ಏಷ್ಯಾಟಿಸ್ಕ್ ಪ್ಲಾಸ್ ಸಿಗುತ್ತದೆ. 1732ರಲ್ಲಿ ಶುರುವಾದ ಡೆನ್ಮಾರ್ಕ್‌ನ ಏಷ್ಯಾಟಿಕ್ ಕಂಪನಿಯ ಅಂಗಳ ಇದು. ಭಾರತ, ಚೀನಾಗಳಿಂದ ಬಂದ ಸರಕು ಇಲ್ಲಿ ಇಳಿಯುತ್ತಿತ್ತು. ವಾಸ್ತುಶಿಲ್ಪಿ ಎಗ್ಟ್‌ವೆಡ್ ಹೆಸರಿನ ಹಳೆಯ ಉಗ್ರಾಣ ಈಗಲೂ ನಿಂತಿದೆ. ಈಗ ಆ ಅಂಗಳದಲ್ಲಿರುವುದು ಡೆನ್ಮಾರ್ಕ್‌ನ ವಿದೇಶಾಂಗ ಸಚಿವಾಲಯ.

ನಮಗೂ ಇದಕ್ಕೂ ಏನು ಸಂಬಂಧ? ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಲ್ಲೇ ಡೇನರು ಕೋಟೆ ಕಟ್ಟಿದ್ದರು. 1755ರಲ್ಲಿ ಬಂಗಾಳದ ಸೆರಾಂಪುರದಲ್ಲೂ ನೆಲೆಯೂರಿದರು. ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಗೆ ಆಗ ಪಾದ್ರಿಗಳೆಂದರೆ ಆಗುತ್ತಿರಲಿಲ್ಲ, ಧರ್ಮದ ತಂಟೆ ವ್ಯಾಪಾರಕ್ಕೆ ಕುತ್ತು ಎಂಬ ಭಯ. ಹಾಗಾಗಿ ಪಾದ್ರಿ ವಿಲಿಯಂ ಕೇರಿ ಮತ್ತು ಜೊತೆಗಾರರು 1800ರಲ್ಲಿ ಡೇನರ ಸೆರಾಂಪುರದಲ್ಲಿ ಆಶ್ರಯ ಪಡೆದು ಅಚ್ಚುಕೂಟ ಹಾಕಿದರು. ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯೇ. ಅಚ್ಚಿನ ಮೊಳೆ ಕಂಡ ಮೊದಮೊದಲ ಕನ್ನಡ ಅಕ್ಷರಗಳಲ್ಲಿ ಅವೂ ಸೇರಿವೆ. ಆಗ ಆ ಊರಿನ ಮೇಲೆ ಹಾರುತ್ತಿದ್ದದ್ದು ಡೆನ್ಮಾರ್ಕ್‌ನ ಕೆಂಪು ಬಿಳಿ ಬಾವುಟ. 1845ರಲ್ಲಿ ಡೇನರು ತರಂಗಂಬಾಡಿ, ಸೆರಾಂಪುರ ಎರಡನ್ನೂ ಬ್ರಿಟಿಷರಿಗೆ ಮಾರಿ ಹೊರಟರು. ನನ್ನ ಮಟ್ಟಿಗೆ ಮತ್ಸ್ಯಕನ್ಯೆಗಿಂತ ಈ ಅಂಗಳವೇ ಹೆಚ್ಚು. ಟಿಕೆಟ್ ಇಲ್ಲ, ಗದ್ದಲವಿಲ್ಲ. ಇನ್ನೂ ಆಸಕ್ತಿಯಿದ್ದರೆ ನ್ಯಾಷನಲ್ ಮ್ಯೂಸಿಯಂಗೆ ಹೋಗಿ.

ಊಟದ ಮಾತು

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಹುಡುಕಬೇಕು. ನ್ಯೋರೆಪೋರ್ಟ್ ನಿಲ್ದಾಣದ ಪಕ್ಕ ಟೋರ್ವೆಹಾಲರ್ನೆ ಎಂಬ ಗಾಜಿನ ಮಾರುಕಟ್ಟೆ ಇದೆ, ಹಣ್ಣು, ಬ್ರೆಡ್, ಗಂಜಿ ಎಲ್ಲ ಸಿಗುತ್ತದೆ. ಊರ ತುಂಬ ಫಲಾಫೆಲ್ ಅಂಗಡಿಗಳಿವೆ. ಕಡಲೆಕಾಳು ರುಬ್ಬಿ ಕರಿದ ವಡೆ ಅದು, ರೊಟ್ಟಿಯೊಳಗಿಟ್ಟು ಕೊಡುತ್ತಾರೆ. ನೆಟ್ಟೊ, ರೆಮಾ 1000 ಎಂಬ ಸೂಪರ್ ಮಾರ್ಕೆಟ್‌ಗಳಲ್ಲಿ ಸ್ಕೀರ್ ಎಂಬ ಗಟ್ಟಿ ಮೊಸರು ಸಿಗುತ್ತದೆ. ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿ ಇದನ್ನು ಕಲಸಿಕೊಂಡರೆ ರಾತ್ರಿ ಊಟ ಆಯಿತು. ನಲ್ಲಿಯ ನೀರು ಧೈರ್ಯವಾಗಿ ಕುಡಿಯಬಹುದು.

ಮನೆಯಿಂದ ಏನು ಒಯ್ಯಬಹುದು? ಚಟ್ನಿಪುಡಿ, ಪುಳಿಯೋಗರೆ ಪುಡಿ, ಅವಲಕ್ಕಿ, ಕೋಡುಬಳೆ ಒಯ್ಯಿರಿ. ತುಪ್ಪ, ಪೇಡ, ಹಾಲಿನ ಸಿಹಿ, ಮಾಂಸದ ಪದಾರ್ಥ ಬೇಡ. ಹೊರಗಿನ ದೇಶಗಳಿಂದ ಹಾಲಿನ, ಮಾಂಸದ ವಸ್ತು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಹಡಗಿನ ನಿಯಮ ಇನ್ನೂ ಬಿಗಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹಳಷ್ಟು ಹಡಗಿನವರು ಬಿಡುವುದಿಲ್ಲ, ಸೀಲ್ ಮಾಡಿದ ಅಂಗಡಿ ಪೊಟ್ಟಣವಾದರೆ ಬಿಡುತ್ತಾರೆ. ವಿದ್ಯುತ್ ಕೆಟಲ್, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಸಿಕ್ಕರೆ ಎತ್ತಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಬೆಂಕಿಯ ಭಯ ಅವರಿಗೆ. ಸಸ್ಯಾಹಾರ, ಮೊಟ್ಟೆ ಬೇಡ, ಈರುಳ್ಳಿ ಬೇಡ ಎಂಬುದನ್ನು ಟಿಕೆಟ್ ಮಾಡಿಸುವಾಗಲೇ ಬರೆಸಿ, ಹತ್ತಿದ ದಿನ ಊಟದ ಮನೆಯ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ.

ಬಟ್ಟೆಯ ವಿಷಯ ಒಂದೇ ಮಾತು. ಬೇಸಿಗೆಯಲ್ಲೂ ಅಲ್ಲಿ 15ರಿಂದ 22 ಡಿಗ್ರಿ, ಗಾಳಿ ಜೋರು, ಮಳೆ ಯಾವಾಗ ಬೇಕಾದರೂ. ದಪ್ಪ ಕೋಟಿಗಿಂತ ನೀರು ಇಳಿಯದ ತೆಳು ಜಾಕೆಟ್, ಒಳಗೊಂದು ಸ್ವೆಟರ್ ಮೇಲು.

ಹಡಗು ಹತ್ತುವ ದಿನ

ಮೊದಲು ಯಾವ ಹಡಗುಕಟ್ಟೆ ಎಂದು ಟಿಕೆಟ್‌ನಲ್ಲಿ ನೋಡಿ. ಕೋಪನ್‌ಹೇಗನ್‌ನಲ್ಲಿ ಒಂದೇ ಕಟ್ಟೆ ಇಲ್ಲ. ಪ್ರವಾಸ ಆರಂಭಿಸುವ ದೊಡ್ಡ ಹಡಗುಗಳು ಹೆಚ್ಚಾಗಿ ನಿಲ್ಲುವುದು ಊರಿನ ಉತ್ತರಕ್ಕಿರುವ ಓಷನ್‌ಕಾಯ್‌ನಲ್ಲಿ. ಕೆಲವು ಮತ್ಸ್ಯಕನ್ಯೆಯ ಹತ್ತಿರದ ಲಾಂಗೆಲಿನಿಯೆ ಕಟ್ಟೆಯಲ್ಲಿ ನಿಲ್ಲುತ್ತವೆ. ಓಸ್ಲೋಗೆ ಒಂದು ರಾತ್ರಿಯಲ್ಲಿ ಹೋಗುವ ಹಡಗಿನ ಕಟ್ಟೆಯೇ ಬೇರೆ. ಟ್ಯಾಕ್ಸಿಯವನಿಗೆ ‘ಕ್ರೂಸ್ ಟರ್ಮಿನಲ್’ ಎಂದಷ್ಟೇ ಹೇಳಿದರೆ ಸಾಲದು.

ಓಷನ್‌ಕಾಯ್‌ಗೆ ಎಂ4 ಮೆಟ್ರೋದಲ್ಲಿ ಓರಿಯೆಂಟ್‌ಕಾಯ್‌ವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಕೈಚೀಲ ಮಾತ್ರ ಇರುವವರಿಗೆ ಇದು ಸರಿ. ಎರಡು ದೊಡ್ಡ ಸೂಟ್‌ಕೇಸ್, ವಯಸ್ಸಾದವರು ಇದ್ದರೆ ಟ್ಯಾಕ್ಸಿಯೇ ಮಾಡಿ. ಊರೊಳಗಿಂದ ಇನ್ನೂರೈವತ್ತು, ಮುನ್ನೂರು ಕ್ರೋನ್ ಆದೀತು. ನಾಲ್ಕು ಜನ ಹಂಚಿಕೊಂಡರೆ ಭಾರವಲ್ಲ. ಹೋಟೆಲ್ ಬೆಳಿಗ್ಗೆ ಬಿಟ್ಟು ಹಡಗು ಮಧ್ಯಾಹ್ನ ಹತ್ತುವುದಾದರೆ ಹೋಟೆಲ್‌ನವರೇ ಸಾಮಾನು ಇಟ್ಟುಕೊಳ್ಳುತ್ತಾರೆ. ಇಲ್ಲವಾದರೆ ಮುಖ್ಯ ರೈಲು ನಿಲ್ದಾಣದಲ್ಲಿ ಬಾಡಿಗೆ ಲಾಕರ್‌ಗಳಿವೆ.

ಆನ್‌ಲೈನ್ ಚೆಕ್‌ಇನ್, ಅಂದರೆ ಹೆಸರು ನೋಂದಣಿ, ಬೆಂಗಳೂರಿನಲ್ಲೇ ಮುಗಿಸಿ. ಅದರಲ್ಲಿ ನಿಮಗೆ ಹತ್ತುವ ಸಮಯ ಗೊತ್ತುಮಾಡುತ್ತಾರೆ. ಸೂಟ್‌ಕೇಸಿಗೆ ಕಟ್ಟುವ ಚೀಟಿಯೂ ಅಲ್ಲೇ ಸಿಗುತ್ತದೆ, ಮುದ್ರಿಸಿಕೊಂಡು ಹೋಗಿ. ಕಟ್ಟೆಯಲ್ಲಿ ಸೂಟ್‌ಕೇಸ್ ಅವರ ಕೈಗೆ ಕೊಟ್ಟರೆ ಕೋಣೆಗೆ ತಲುಪುವುದು ಸಂಜೆಗೆ. ಆದ್ದರಿಂದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ವೈದ್ಯರ ಚೀಟಿ, ಪಾಸ್‌ಪೋರ್ಟ್, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ಹಡಗು ಸಂಜೆ ಐದಕ್ಕೆ ಹೊರಡುತ್ತದೆ ಎಂದರೆ ಐದಕ್ಕೆ ಹೋದರಾಯಿತು ಎಂದಲ್ಲ. ಹೊರಡುವುದಕ್ಕೆ ಒಂದು, ಒಂದೂವರೆ ಗಂಟೆ ಮುಂಚೆಯೇ ನೋಂದಣಿ ಮುಚ್ಚುತ್ತಾರೆ. ಊಟದ ಹೊತ್ತಿಗೇ ಹತ್ತಿಬಿಡಿ, ಅವತ್ತಿನ ಊಟವೂ ನೀವು ಕೊಟ್ಟ ದುಡ್ಡಿನಲ್ಲೇ ಸೇರಿದೆ. ಸಿಬ್ಬಂದಿಯ ಭಕ್ಷೀಸು ಮಾತ್ರ ಬಹಳಷ್ಟು ಕಂಪನಿಗಳಲ್ಲಿ ತಲೆಗೆ, ದಿನಕ್ಕೆ ಇಷ್ಟು ಎಂದು ಕೊನೆಯ ಬಿಲ್ಲಿಗೆ ಸೇರುತ್ತದೆ. ಟಿಕೆಟ್ ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ.

ಹಡಗು ಕಟ್ಟೆ ಬಿಡುವ ಮುಂಚೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಗಡಲಿನಲ್ಲಿ ಫೋನು ಹಡಗಿನ ಉಪಗ್ರಹ ಜಾಲವನ್ನು ತಾನಾಗಿಯೇ ಹಿಡಿದುಕೊಳ್ಳುತ್ತದೆ. ನೀವು ಬೆಂಗಳೂರಿನಲ್ಲಿ ಹಾಕಿಸಿಕೊಂಡ ಯುರೋಪ್ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಮನೆಗೆ ‘ಹತ್ತಿದ್ವಿ’ ಎಂದು ಹೇಳುವ ಫೋನನ್ನು ಕಟ್ಟೆಯ ಮೇಲಿದ್ದಾಗಲೇ ಮಾಡಿ ಮುಗಿಸಿ.